ಪದ್ಮಿನಿ ಕಾರಿನ ಮೈ ಪೂರ್ತಿ ನುಣ್ಣಗೆ ಮಾಡಿಸಬೇಕು, ಹಿಡಿಕೆ, ಬೀಡಿಂಗ್ ಎಲ್ಲ ತೆಗೆಸಬಹುದಾ?

ದಾವಣಗೆರೆ_ಪದ್ಮಿನಿ84

ಎಲ್ಲರಿಗೂ ನಮಸ್ಕಾರ. ಸೋದರಮಾವನ ಕಡೆಯಿಂದ ಬಂದ 1984ರ ಪ್ರೀಮಿಯರ್ ಪದ್ಮಿನಿ ಇದೆ. ಎಂಜಿನ್ ಚೆನ್ನಾಗಿದೆ, ಗೇರ್ ಸರಿಯಾಗಿ ಬೀಳುತ್ತದೆ, ಮೈಗೆ ಮಾತ್ರ ಕೆಲಸ ಬೇಕು. ಹೇಗೂ ಪೂರ್ತಿ ಪೇಂಟ್ ಮಾಡಿಸಲೇಬೇಕು, ಹಾಗಾಗಿ ಸ್ವಲ್ಪ ಬೇರೆ ಥರ ಮಾಡಿಸೋಣ ಅಂತ ಆಸೆ. ಅಮೆರಿಕದ ಹಳೇ ಕಸ್ಟಮ್ ಕಾರುಗಳ ಹಾಗೆ ಮೈ ಮೇಲೆ ಏನೂ ಇರಬಾರದು. ಬ್ಯಾಡ್ಜ್ ಬೇಡ, ಪಕ್ಕದ ಕ್ರೋಮ್ ಬೀಡಿಂಗ್ (ಹೊಳೆಯುವ ಪಟ್ಟಿ) ಬೇಡ, ಬಾಗಿಲು ಮತ್ತು ಡಿಕ್ಕಿಯ ಹಿಡಿಕೆ ಬೇಡ, ಆಂಟೆನಾ ತೂತು ಬೇಡ, ಸಾಧ್ಯವಾದರೆ ಟಾಪ್ ಅಂಚಿನಲ್ಲಿ ಮಳೆನೀರು ಹರಿಯುವ ಆ ಪಟ್ಟಿಯೂ ಬೇಡ.

ಹಳೇ ಪಿ.ಬಿ. ರಸ್ತೆ ಕಡೆ ಒಬ್ಬ ಟಿಂಕರ್‌ಗೆ ತೋರಿಸಿದೆ. "ತೂತಿಗೆಲ್ಲ ಫೈಬರ್ ಅಂಟಿಸಿ ಪುಟ್ಟಿ ಎಳೆದುಬಿಡ್ತೀನಿ ಸಾರ್, ಒಂದು ವಾರ ಸಾಕು" ಅಂದರು. ರೇಟೂ ಕಮ್ಮಿ ಹೇಳಿದರು. ಯಾಕೋ ನಂಬಿಕೆ ಬರುತ್ತಿಲ್ಲ. ಈ ಥರ ಕೆಲಸ ಮಾಡಿಸಿದವರು, ಮಾಡಿದವರು ಯಾರಾದರೂ ಇದ್ದರೆ ಹೇಳಿ. ಬಣ್ಣ ಕಪ್ಪು ಅಂತ ಮನಸ್ಸಿನಲ್ಲಿದೆ.

ಕೋಟೆನಾಡು_ಟಿಂಕರಿಂಗ್

ನಾನು ಚಿತ್ರದುರ್ಗದವನು, ಇದೇ ಕಸುಬು. ಮೊದಲು ಆ ಫೈಬರ್ ಐಡಿಯಾ ಬಿಡಿ.

ತೂತಿನ ಮೇಲೆ ಫೈಬರ್ ಹಾಕಿ ಪುಟ್ಟಿ ಎಳೆದರೆ ಮೊದಲ ದಿನ ಕನ್ನಡಿ ಹಾಗೆ ಕಾಣುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ತಗಡು ಬಿಸಿಲಿಗೆ ಹಿಗ್ಗುವುದೇ ಬೇರೆ, ಪುಟ್ಟಿ ಹಿಗ್ಗುವುದೇ ಬೇರೆ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಕಪ್ಪು ಕಾರಿನ ಮೈ ಮುಟ್ಟೋಕೆ ಆಗಲ್ಲ, ಗೊತ್ತಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೆ ತೂತಿನ ಸುತ್ತ ಸಣ್ಣ ಗೆರೆ ಏಳುತ್ತದೆ. ಆ ಗೆರೆಯಿಂದ ನೀರು ಒಳಗೆ ಹೋಗುತ್ತದೆ, ಪುಟ್ಟಿ ನೀರು ಹೀರುತ್ತದೆ, ಕೆಳಗಿನ ತಗಡು ತುಕ್ಕು ಹಿಡಿದು ಪೇಂಟ್ ಗುಳ್ಳೆ ಏಳುತ್ತದೆ. ಆಮೇಲೆ ಇನ್ನೂ ದೊಡ್ಡ ತೂತು ಮುಚ್ಚಬೇಕು.

ಸರಿಯಾದ ಕೆಲಸ ಅಂದರೆ ಕಬ್ಬಿಣಕ್ಕೆ ಕಬ್ಬಿಣ. ಬೀಡಿಂಗ್ ಕ್ಲಿಪ್ ಕೂರುವ ಸಣ್ಣ ತೂತುಗಳಿಗೆ ಹಿಂದಿನಿಂದ ತಾಮ್ರದ ತುಂಡು ಒತ್ತಿ ಹಿಡಿದು ಮುಂದಿನಿಂದ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ವೆಲ್ಡಿಂಗ್‌ನಲ್ಲಿ ಒಂದು ಚುಕ್ಕೆ ಕೊಡಬೇಕು. ತಾಮ್ರಕ್ಕೆ ವೆಲ್ಡ್ ಅಂಟಲ್ಲ, ತೂತು ಮಾತ್ರ ತುಂಬುತ್ತದೆ. ಹಿಡಿಕೆಯಂಥ ದೊಡ್ಡ ಜಾಗಕ್ಕೆ 20 ಗೇಜ್ ಸಿಆರ್ ಶೀಟ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಉಕ್ಕಿನ ತಗಡು, ಅದರಲ್ಲಿ ಸರಿಯಾದ ಅಳತೆಯ ತುಂಡು ಕತ್ತರಿಸಿ ಕೂರಿಸಬೇಕು. ಮೇಲೆ ಹೊದಿಸುವುದಲ್ಲ, ಅಂಚಿಗೆ ಅಂಚು ಕೂಡಬೇಕು. ವೆಲ್ಡ್ ಒಂದೇ ಉಸಿರಿಗೆ ಎಳೆಯಬಾರದು. ಇಲ್ಲಿ ಒಂದು ಚುಕ್ಕೆ, ಎದುರಿಗೆ ಒಂದು ಚುಕ್ಕೆ, ಕೈ ಇಟ್ಟು ನೋಡಿ ತಣ್ಣಗಾದ ಮೇಲೆ ನಡುವೆ ಇನ್ನೊಂದು. ಆತುರ ಮಾಡಿದರೆ ಬಾಗಿಲ ತಗಡು ಶಾಖಕ್ಕೆ ಸೊಟ್ಟ ಆಗುತ್ತದೆ, ಆ ಸೊಟ್ಟ ಮುಚ್ಚೋಕೆ ಮತ್ತೆ ಅದೇ ಪುಟ್ಟಿ.

ಕೊನೆಗೆ ಗ್ರೈಂಡ್ ಮಾಡಿ, ಸುತ್ತಿಗೆ ಮತ್ತು ಡಾಲಿಯಲ್ಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಸಮ ಮಾಡಿದ ಮೇಲೆ ತೆಳ್ಳಗೆ ಪುಟ್ಟಿ ಎಳೆಯಲಿ, ತಪ್ಪಿಲ್ಲ. 2 ಮಿ.ಮೀ. ದಾಟಬಾರದು ಅಷ್ಟೇ. ಒಂದು ಸಣ್ಣ ಅಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಳ್ಳಿ. ಅದು ಕಚ್ಚದ ಕಡೆ ಎಷ್ಟು ದಪ್ಪ ಮೆತ್ತಿದ್ದಾರೆ ಅಂತ ಅವರೇ ಹೇಳಬೇಕಾಗುತ್ತದೆ.

ಒರಿಜಿನಲ್_ಇರಲಿ

ಬೇಜಾರಾಗಬೇಡಿ, ಯಾಕೆ ಸ್ವಾಮಿ ಇದೆಲ್ಲ? ಆ ಅಮೆರಿಕದವರ ಕಥೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1949ರ ಮರ್ಕ್ಯುರಿ ಥರದ ಕಾರುಗಳನ್ನು ಕಸ್ಟಮ್ ಕಾರು ಮಾಡುತ್ತಿದ್ದ ಬ್ಯಾರಿಸ್ ಸಹೋದರರಂಥವರು ಹಾಗೆ ನುಣುಪು ಮಾಡಿದ್ದು ನಿಜ. ಆದರೆ ಅವು ಅಲ್ಲಿ ಬೀದಿಗೆ ಹತ್ತು ಇದ್ದ ಕಾರುಗಳು. ಆಗ ಈಗಿನ ಪುಟ್ಟಿಯೂ ಇರಲಿಲ್ಲ, ಸೀಸ ಮತ್ತು ತವರ ಬೆರೆಸಿ ಬಿಸಿ ಮಾಡಿ, ಬೆಣ್ಣೆ ಥರ ಮೆತ್ತಗಾದಾಗ ಮರದ ಹಲಗೆಯಲ್ಲಿ ಸವರಿ ಸಂದು ತುಂಬುತ್ತಿದ್ದರು. ನಮ್ಮಲ್ಲಿ ನೆಟ್ಟಗಿರುವ ಪದ್ಮಿನಿ ಹುಡುಕೋದೇ ಕಷ್ಟ ಆಗಿದೆ. ಮುಂಬೈನ ಕುರ್ಲಾ ಕಾರ್ಖಾನೆ ಮುಚ್ಚಿ ಎಷ್ಟು ಕಾಲ ಆಯಿತು? ತೆಗೆದ ಬೀಡಿಂಗ್ ನಾಳೆ ಬೇಕೆಂದರೆ ಸಿಗುತ್ತದಾ?

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ನಿಮ್ಮ ಕಾರಿಗೆ 2034ಕ್ಕೆ 50 ತುಂಬುತ್ತದೆ. ದೂರ ಏನಿಲ್ಲ. ಟಾಪ್ ಅಂಚು ಕತ್ತರಿಸಿದ ಬಾಡಿಯನ್ನು ಮೂಲ ರೂಪ ಅಂತ ಆಗ ಯಾವ ಬಾಯಲ್ಲಿ ಹೇಳುತ್ತೀರಿ?

ಆರ್‌ಟಿಒ ಕಡೆಯೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾವಣೆ ಬಗ್ಗೆಯೇ ಇರೋದು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಇನ್ಶೂರೆನ್ಸ್‌ನವರಿಗೂ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ದಿನ ತಕರಾರು ಬರುತ್ತದೆ.

ದಾವಣಗೆರೆ_ಪದ್ಮಿನಿ84

2034ರ ಲೆಕ್ಕ ನನಗೆ ಹೊಳೆದಿರಲೇ ಇಲ್ಲ, ಥ್ಯಾಂಕ್ಸ್. ಬೈದರೂ ಉಪಯೋಗ ಆಯಿತು.

ನಿನ್ನೆ ಎಡಗಡೆ ಬೀಡಿಂಗ್ ನಾನೇ ಬಿಚ್ಚಿದೆ. ಎರಡು ಕ್ಲಿಪ್ ಜಂಗು ಹಿಡಿದು ಪುಡಿ ಆದವು. ಹಿಂದಿನ ಬಾಗಿಲಲ್ಲಿ ಒಂದು ತೂತಿನ ಸುತ್ತ ಬೆರಳಿಟ್ಟರೆ ತಗಡು ಒಳಗೆ ಬಾಗುತ್ತದೆ, ಸ್ಕ್ರೂಡ್ರೈವರ್ ತುದಿ ತಾಗಿಸಿದ ತಕ್ಷಣ ಕಂದು ಪುಡಿ ಉದುರಿತು. ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಅಂದರೆ ಬೀಡಿಂಗ್ ಬೇಕೋ ಬೇಡವೋ, ಅಲ್ಲಿ ವೆಲ್ಡಿಂಗ್ ಅಂತೂ ಗ್ಯಾರಂಟಿ.

ಹಿಡಿಕೆ ತೆಗೆದರೆ ಬಾಗಿಲು ತೆಗೆಯೋದು ಹೇಗೆ? ರಿಮೋಟ್ ಹಾಕಿಸಬಹುದು ಅಂತ ಕೇಳಿದ್ದೇನೆ.

ಹರಿಹರ_ಲೇತ್

ಹಾಕಿಸಬಹುದು. ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೆಂಟ್ರಲ್ ಲಾಕ್‌ನ ಮಾಮೂಲಿ ಮೋಟಾರ್ ಲಾಕ್ ಗುಂಡಿಯನ್ನು ಮೇಲೆ ಕೆಳಗೆ ಮಾಡೋಕೆ ಇರೋದು. ಬಾಗಿಲ ಲ್ಯಾಚ್ ಎಳೆದು ಬಿಡಿಸುವಷ್ಟು ತಾಕತ್ತು ಅದಕ್ಕಿಲ್ಲ, ಅದರಲ್ಲೂ ಪದ್ಮಿನಿ ಲ್ಯಾಚ್ ಎಷ್ಟು ಗಟ್ಟಿ ಅಂತ ನಿಮಗೇ ಗೊತ್ತು. ಅದಕ್ಕೆ ದೊಡ್ಡ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಎಳೆಯುವ ಅಯಸ್ಕಾಂತ) ಬೇಕು, ಅದಕ್ಕೆ ದಪ್ಪ ವೈರು, ರಿಲೇ, ಬೇರೆ ಫ್ಯೂಸ್. ಲ್ಯಾಚ್ ಬಿಟ್ಟ ಮೇಲೆ ಬಾಗಿಲು ಹೊರಗೆ ಬರೋಕೆ ಸ್ಪ್ರಿಂಗ್ ಇರುವ ಗುಂಡಿ ಬೇರೆ ಬೇಕು, ಇಲ್ಲದಿದ್ದರೆ ಹಿಡಿದು ಎಳೆಯೋಕೆ ಏನೂ ಇರಲ್ಲ. ಬ್ರಾಕೆಟ್, ಗುಂಡಿ ಇವನ್ನೆಲ್ಲ ಮಾಡಿಸೋದು ಕಷ್ಟ ಅಲ್ಲ. ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರು ನಮ್ಮದು, ಅಳತೆ ಕೊಟ್ಟರೆ ತಿರುವಿ ಕೊಡುವ ಕೈಗಳು ಇನ್ನೂ ಇವೆ.

ನನ್ನ ಚಿಂತೆ ಬ್ಯಾಟರಿ. ಹಳೇ ಕಾರು ತಿಂಗಳುಗಟ್ಟಲೆ ನಿಂತಿರುತ್ತದೆ. ಬ್ಯಾಟರಿ ಸತ್ತರೆ ಬಾಗಿಲಿಲ್ಲ. ಬಾನೆಟ್ ತೆಗೆಯೋಣ ಅಂದರೆ ಅದರ ಕೇಬಲ್ ಕಾರಿನ ಒಳಗೆ! ಹಾಗಾಗಿ ಕಾರಿನ ಕೆಳಗಡೆ ಎಲ್ಲೋ ಒಂದು ಕಡೆ ಗುಟ್ಟಾಗಿ ಲ್ಯಾಚ್‌ಗೆ ಕೇಬಲ್ ಬಿಡಲೇಬೇಕು. ಅದಕ್ಕಿಂತ ಮುಖ್ಯ, ಹೈವೇನಲ್ಲಿ ಏನಾದರೂ ಆದರೆ ಓಡಿ ಬಂದವರು ಹೊರಗಿನಿಂದ ಬಾಗಿಲು ಹೇಗೆ ತೆಗೆಯಬೇಕು? ಮನೆಯವರನ್ನು ಕೂರಿಸಿಕೊಂಡು ಓಡಾಡುವ ಕಾರಿಗೆ ನಾನಂತೂ ಈ ಕೆಲಸ ಮಾಡಿಕೊಡಲ್ಲ. ಡಿಕ್ಕಿಗೆ ಬೇಕಾದರೆ ಮಾಡಿಸಿ, ಒಳಗಿನಿಂದ ಕೇಬಲ್ ಎಳೆದರೆ ತೆಗೆಯುವ ಹಾಗೆ. ಅಲ್ಲಿ ಯಾರ ಜೀವವೂ ಸಿಕ್ಕಿಕೊಳ್ಳಲ್ಲ.

ಕೋಟೆನಾಡು_ಟಿಂಕರಿಂಗ್

ಹರಿಹರದವರ ಮಾತಿಗೆ ನನ್ನದೂ ಒಂದು ಓಟು.

ಮಳೆನೀರಿನ ಪಟ್ಟಿ ಬಗ್ಗೆ. ಅದು ಅಲಂಕಾರ ಅಲ್ಲ. ಟಾಪ್ ತಗಡು ಮತ್ತು ಪಕ್ಕದ ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿರುವುದೇ ಆ ಅಂಚಿನಲ್ಲಿ. ಸುಮ್ನೆ ಕತ್ತರಿಸಿದರೆ ಟಾಪ್ ಬಿಟ್ಟುಕೊಳ್ಳುತ್ತದೆ. ಒಂದೊಂದು ಇಂಚು ಕತ್ತರಿಸಿ, ಅಷ್ಟನ್ನೇ ವೆಲ್ಡ್ ಮಾಡಿ, ಮುಂದಕ್ಕೆ ಹೋಗಬೇಕು, ಎರಡೂ ಕಡೆ, ಮುಂದಿನ ಗಾಜಿನಿಂದ ಹಿಂದಿನ ತನಕ. ಅಷ್ಟು ಮಾಡಿದ ಮೇಲೆ ಮಳೆ ಬಂದಾಗ ಬಾಗಿಲು ತೆಗೆದರೆ ಟಾಪ್ ಮೇಲಿನ ನೀರೆಲ್ಲ ಸೀಟಿಗೆ. ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ನಿಮ್ಮ ಕಾರಿಗೆ ಬೇಡ.

ಬಣ್ಣ ಕಪ್ಪು ಅಂದಿರಿ. ಕಪ್ಪು ಏನನ್ನೂ ಮುಚ್ಚಿಡಲ್ಲ. ಪ್ರೈಮರ್ ಮೇಲೆ ತೆಳ್ಳಗೆ ಬೇರೆ ಬಣ್ಣ ಹೊಡೆದು ಉದ್ದನೆಯ ಹಲಗೆಗೆ ಎಮರಿ ಕಟ್ಟಿ ಉಜ್ಜಿಸಿ. ಬಣ್ಣ ಉಳಿದ ಕಡೆ ತಗ್ಗು, ಬೇಗ ಹೋದ ಕಡೆ ಉಬ್ಬು. ಬರೀ ಕೈಯಲ್ಲಿ ಉಜ್ಜಿದರೆ ಬೆರಳಿನ ಅಚ್ಚೆಲ್ಲ ಅಲೆ ಅಲೆ ಆಗಿ ಉಳಿಯುತ್ತದೆ. ಸಂಜೆ ಹೊತ್ತು ಶೆಡ್‌ನ ಟ್ಯೂಬ್‌ಲೈಟ್ ಹಾಕಿಸಿ, ಬಾಗಿಲಿಗೆ ಸ್ವಲ್ಪ ನೀರು ಒರೆಸಿ, ಬಗ್ಗಿ ಉದ್ದಕ್ಕೆ ನೋಡಿ. ಲೈಟಿನ ಗೆರೆ ಬೀಡಿಂಗ್ ಇದ್ದ ಜಾಗದಲ್ಲಿ ಡೊಂಕಾದರೆ ಇನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ. ದುಡ್ಡು ಕೊಡುವುದು ಆಮೇಲೆ.

ವೆಲ್ಡ್ ಮಾಡಿದ ಜಾಗದ ಹಿಂಬದಿ ಮರೆಯಬೇಡಿ. ಅಲ್ಲಿ ಪ್ರೈಮರ್ ಸುಟ್ಟು ಹೋಗಿರುತ್ತದೆ. ಬಾಗಿಲ ಒಳಗಿನಿಂದ ಎಪಾಕ್ಸಿ ಪ್ರೈಮರ್ ಹೊಡೆಸಿ, ಕೆಳಗಿನ ನೀರಿನ ತೂತುಗಳು ತೆರೆದಿರಲಿ.

ದಾವಣಗೆರೆ_ಪದ್ಮಿನಿ84

ಸರಿ, ತೀರ್ಮಾನ ಮಾಡಿದೆ. ಬ್ಯಾಡ್ಜ್, ಬೀಡಿಂಗ್, ಆಂಟೆನಾ, ಡಿಕ್ಕಿ ಹಿಡಿಕೆ ಹೋಗುತ್ತವೆ. ಬಾಗಿಲ ಹಿಡಿಕೆ ಉಳಿಯುತ್ತದೆ, ಟಾಪ್ ಪಟ್ಟಿಗೆ ಕೈ ಹಾಕಲ್ಲ. ತೆಗೆದ ಬ್ಯಾಡ್ಜ್, ಬೀಡಿಂಗ್ ಎಲ್ಲ ಪೇಪರಲ್ಲಿ ಸುತ್ತಿ ಅಟ್ಟದ ಮೇಲೆ. ಒರಿಜಿನಲ್ ಅವರಿಗೆ ಅಷ್ಟಾದರೂ ಸಮಾಧಾನ ಆಗಲಿ. ಕಪ್ಪು ಮಾತ್ರ ಬಿಡಲ್ಲ.

ಕೋಟೆನಾಡು ಅವರೇ, ಗಾಡಿ ದುರ್ಗಕ್ಕೇ ತಂದರೆ ಮಾಡಿಕೊಡುತ್ತೀರಾ? ಮುಂದಿನ ತಿಂಗಳು ಬಿಡುವಿದೆ.

ಕೋಟೆನಾಡು_ಟಿಂಕರಿಂಗ್

ತನ್ನಿ. ಆದರೆ ಮುಂದಿನ ತಿಂಗಳು ಆಷಾಢ. ಜೋಗಿಮಟ್ಟಿ ಕಡೆ ಗಾಳಿ ಕರೆಂಟಿನ ಫ್ಯಾನುಗಳು ಸುಮ್ನೆ ನೆಟ್ಟಿಲ್ಲ, ಆ ಗಾಳಿಗೆ ಊರಿನ ಧೂಳೆಲ್ಲ ಶೆಡ್ ಒಳಗೇ ಬರುತ್ತದೆ, ನನ್ನ ಹತ್ತಿರ ಪೇಂಟ್ ಹೊಡೆಯುವ ಮುಚ್ಚಿದ ಬೂತ್ ಇಲ್ಲ. ವೆಲ್ಡಿಂಗ್, ತಗಡು ಕೆಲಸ, ಪ್ರೈಮರ್ ಮುಗಿಸಿ ಇಟ್ಟಿರುತ್ತೇನೆ. ಕಪ್ಪು ಹೊಡೆಯೋದು ದೀಪಾವಳಿ ಆದ ಮೇಲೆ.