ಕಾಂಟ್ಯಾಕ್ಟ್ ಲೆನ್ಸ್ ತೊಳೆಯಲು ಆರ್‌ಒ ನೀರು ಸಾಲದೇ?

ವಿಜಯನಗರದಿಂದ ಪ್ರಶ್ನೆ: ತಿಂಗಳಿಗೊಮ್ಮೆ ಬದಲಿಸುವ ಮೃದು ಲೆನ್ಸ್ ಧರಿಸುತ್ತೇನೆ. ಮೆಟ್ರೊ ಕಾಮಗಾರಿಯ ದೂಳಿನಲ್ಲಿ ಸ್ಕೂಟರ್ ಓಡಿಸಿ ಮನೆ ಸೇರುವಷ್ಟರಲ್ಲಿ ಕಣ್ಣು ಕೆಂಡ. ಲೆನ್ಸ್ ತೊಳೆಯುವ ದ್ರಾವಣದ ಬೆಲೆಯೋ, ಕೇಳಬೇಡಿ. ಕಾವೇರಿ ನೀರನ್ನು ಆರ್‌ಒ ಮಾಡಿ ಬಳಸಬಹುದೇ?

ಉತ್ತರ: ಬೇಡವೇ ಬೇಡ. ಕಾವೇರಿಯಾಗಲಿ ಕೊಳವೆಬಾವಿಯಾಗಲಿ, ಆರ್‌ಒ ಮಾಡಿದರೂ ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಹತ್ತಿದರೆ ದೃಷ್ಟಿಗೇ ಕುತ್ತು. ಕೈ ತೊಳೆದು ಒರೆಸಿಕೊಂಡು, ಅಂಗೈಯಲ್ಲಿ ದ್ರಾವಣ ಹಾಕಿ ಲೆನ್ಸ್ ಉಜ್ಜಿ. ಉಜ್ಜಬೇಕಿಲ್ಲ ಎಂದು ಬಾಟಲಿ ಹೇಳಿದರೂ ಉಜ್ಜಿ. ಡಬ್ಬಿಯಲ್ಲಿ ಉಳಿದ ನಿನ್ನೆಯ ದ್ರಾವಣಕ್ಕೆ ಇಂದಿನದನ್ನು ಸೇರಿಸಬೇಡಿ, ಅದೇನು ಸಾರಲ್ಲ.

ಇನ್ನೊಂದು ಉತ್ತರ: ಸಲೈನ್ ಅಗ್ಗವೆಂದು ಅತ್ತ ಹೋಗಬೇಡಿ, ಅದು ರೋಗಾಣುಗಳನ್ನು ಕೊಲ್ಲುವುದಿಲ್ಲ. ನನ್ನದು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಇರುವ ಲೆನ್ಸ್ ದ್ರಾವಣ. ಅದರ ಜೊತೆಗೇ ಬರುವ ಡಬ್ಬಿಯಲ್ಲಿ ಲೆನ್ಸ್ ಅನ್ನು ಕನಿಷ್ಠ 6 ಗಂಟೆ ಇಡಲೇಬೇಕು, ಇಲ್ಲವಾದರೆ ಕಣ್ಣು ಸುಡುತ್ತದೆ.

ಮತ್ತೊಂದು: ಮೊದಲು ಆ ಕೆಂಪು ಇಳಿಯಲಿ, ಅಲ್ಲಿಯವರೆಗೆ ಕನ್ನಡಕ ಹಾಕಿ. ನೋವಿದ್ದರೆ ಇಂದೇ ಮಿಂಟೊ ಕಣ್ಣಿನ ಆಸ್ಪತ್ರೆಗೆ ಹೋಗಿ.