ತೆಳು ಹಾಳೆಯ ಕನ್ನಡ ಪುಸ್ತಕಗಳಿಗೆ ಯಾವ ಹೈಲೈಟರ್ ಒಳ್ಳೆಯದು?

ಮೈಸೂರಿನ ಓದುಗಿ:
ಎಂ.ಎ. ಕನ್ನಡ ಓದ್ತಿದೀನಿ. ಹಳಗನ್ನಡ ಕಾವ್ಯಗಳಲ್ಲಿ ಕೆಲವು ಅಜ್ಜನ ಕಪಾಟಿನ ಪ್ರತಿಗಳು, 1970ರ ದಶಕದವು. ಹಾಳೆ ಹಳದಿಗೆ ತಿರುಗಿದೆ, ಮೂಲೆ ಮಡಚಿದರೆ ಮುರಿಯುತ್ತೆ. ಉಳಿದವು ಹೊಸವು, ಆದರೆ ಹಾಳೆ ತೀರಾ ತೆಳು. ಹೈಲೈಟರ್ ಎಳೆದರೆ ಹಿಂದಿನ ಪುಟದ ಪದ್ಯದ ಮೇಲೂ ಬಣ್ಣ ಇಳಿಯುತ್ತೆ. ಬಾಲ್ ಪೆನ್ನಿನಲ್ಲಿ ಅಡಿಗೆರೆ ಹಾಕೋಣ ಅಂದರೆ ಅದು ಒತ್ತಕ್ಷರಗಳ ಮೇಲೇ ಹಾಯುತ್ತೆ. ‘ಲಕ್ಷ್ಮಿ’ಯಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇರುತ್ತಲ್ಲ, ಅಂಥಲ್ಲಿ ಅಕ್ಷರವೇ ತಿಳಿಯಲ್ಲ. ನೀವೆಲ್ಲ ಏನು ಬಳಸ್ತೀರಿ?

ಬೈಂಡಿಂಗ್ ಕೆಲಸದವ:
ಅಜ್ಜನ ಪುಸ್ತಕಗಳಿಗೆ ಹೈಲೈಟರ್ ಮುಟ್ಟಿಸಲೇಬೇಡಿ ತಾಯಿ. ಆ ಹಾಳೆ ಹಾಗೆ ಹಳದಿಯಾಗಿ ಪೆಡಸಾಗೋದು ಒಳಗಿನ ಆಮ್ಲದಿಂದ. ಹೈಲೈಟರ್ ಇಂಕಿನಲ್ಲಿ ಹೆಚ್ಚಿನ ಪಾಲು ನೀರು. ಹಳೇ ಹಾಳೆ ಅದನ್ನು ಗಟಗಟ ಕುಡಿಯುತ್ತೆ. ಮತ್ತೆ ಆ ಮಿಂಚುವ ಬಣ್ಣ ಬಿಸಿಲಿಗೆ ಬೇಗ ಮಾಸುತ್ತೆ, ಆದರೆ ಕಲೆಯನ್ನು ತೆಗೆಯೋಕೆ ನಮ್ಮ ಕೈಲಿ ಆಗಲ್ಲ. ಇಂಥವಕ್ಕೆ ಮೆತ್ತಗಿನ 2ಬಿ ಪೆನ್ಸಿಲ್ ಸಾಕು. ಸಾಲಿನ ಕೆಳಗೆ ಬೇಡ, ಪಕ್ಕದ ಅಂಚಿನಲ್ಲಿ ನಿಲುವುಗೆರೆ ಎಳೆಯಿರಿ. ಒತ್ತಕ್ಷರದ ತಾಪತ್ರಯವೂ ತಪ್ಪಿತು, ಬೇಡವಾದಾಗ ರಬ್ಬರಿನಲ್ಲಿ ಅಳಿಸಲೂ ಆಯ್ತು. ಗಟ್ಟಿ ಕಡ್ಡಿಯ ಎಚ್ ಪೆನ್ಸಿಲ್ ಒತ್ತಿ ಬರೆದರೆ ಮಾತ್ರ ಹಾಳೆಯಲ್ಲಿ ಗೀರು ಉಳಿಯುತ್ತೆ.

ಹೊಸ ಪುಸ್ತಕಗಳಿಗೆ ಜೆಲ್ ಹೈಲೈಟರ್ ಕೇಳಿ. ಕ್ರೆಯಾನ್ ಥರ ಗಟ್ಟಿ ಕಡ್ಡಿ ಇರುತ್ತೆ, ನೀರಿನಂಶ ಇಳಿಯೋ ಮಾತೇ ಇಲ್ಲ. ಸಿಗದಿದ್ದರೆ ಹಳದಿ ಬಣ್ಣದ ಪೆನ್ಸಿಲನ್ನು ಮಲಗಿಸಿ ಹಿಡಿದು ಹಗುರಾಗಿ ಉಜ್ಜಿ. ಮಾಮೂಲಿ ಹೈಲೈಟರಿನ ತುದಿ ಹೆಚ್ಚೆಂದರೆ 5 ಮಿ.ಮೀ. ದೊಡ್ಡ ಅಕ್ಷರದ ಪುಸ್ತಕದಲ್ಲಿ ಒಂದೇ ಎಳೆತಕ್ಕೆ ಒತ್ತುಗಳು ಬಣ್ಣದ ಹೊರಗೇ ಉಳೀತವೆ. ಎರಡನೇ ಸಲ ಎಳೆದಿರೋ, ಇಂಕು ಹಿಂದಕ್ಕೆ ಇಳಿಯೋದು ಅಲ್ಲೇ. ಪೆನ್ಸಿಲಿಗೆ ಆ ತೊಂದರೆ ಇಲ್ಲ. ಯಾವುದನ್ನೇ ಕೊಂಡರೂ ಮೊದಲು ಕೊನೆಯ ಖಾಲಿ ಪುಟದಲ್ಲಿ ಎಳೆದು, ಒಣಗಿದ ಮೇಲೆ ತಿರುವಿ ನೋಡಿ.

ಟಿಪ್ಪಣಿ ಪ್ರಿಯ:
ಅಂಚಿನಲ್ಲಿ ಅರ್ಥ ಬರೆಯೋಕೆ ನನ್ನ ಆಯ್ಕೆ ಸಕುರಾ ಪಿಗ್ಮಾ ಮೈಕ್ರಾನ್ 01 ಅನ್ನೋ ಸಣ್ಣ ತುದಿಯ ಪೆನ್ನು. ಗೆರೆ 0.25 ಮಿ.ಮೀ. ದಪ್ಪ. ಪಿಗ್ಮೆಂಟ್ ಇಂಕು, ಅಂದರೆ ಬಣ್ಣದ ಕಣಗಳು ಹಾಳೆಯ ನಾರಿಗೆ ಅಂಟಿಕೊಂಡು ನಿಲ್ತವೆ, ಒಣಗಿದ ಮೇಲೆ ನೀರಿಗೆ ಕದಡಲ್ಲ. ಫೌಂಟನ್ ಪೆನ್ನಿನ ಮಾಮೂಲಿ ಇಂಕು ತೆಳು ಹಾಳೆಯಲ್ಲಿ ಬೇರು ಬಿಟ್ಟ ಹಾಗೆ ಹರಡುತ್ತೆ, ಬೇಡ.

ರಾಯಚೂರಿನವ:
ಅಳಿಸಬಹುದಾದ ಹೈಲೈಟರ್ ಅಂತ ಪೈಲಟ್ ಫ್ರಿಕ್ಷನ್ ಕೊಳ್ಳೋರಿಗೆ ಒಂದು ಮಾತು. ಉಜ್ಜಿದಾಗ ಹುಟ್ಟೋ ಶಾಖಕ್ಕೇ ಅದರ ಬಣ್ಣ ಹೋಗೋದು, ಸುಮಾರು 60 ಡಿಗ್ರಿ ಸಾಕು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪುಸ್ತಕ ಬಿಟ್ಟರೆ ಪರೀಕ್ಷೆಗೆ ಹಾಕಿದ ಗುರುತೆಲ್ಲ ಮಾಯ. ಇನ್ನೊಂದು: ಜೆರಾಕ್ಸ್ ಮಾಡಿಸೋ ಪುಟವಾದರೆ ಹಳದಿಯನ್ನೇ ಬಳಸಿ. ನೀಲಿ, ಹಸಿರು ಕಪ್ಪು ಪಟ್ಟಿಯಾಗಿ ಬರೋದುಂಟು.

ಮೈಸೂರಿನ ಓದುಗಿ:
ತುಂಬಾ ಉಪಕಾರ ಆಯ್ತು. ಅಜ್ಜನ ಪ್ರತಿಗಳಿಗೆ ಅಂಟಿಸೋ ಚೀಟಿ ಆಗುತ್ತಾ ಸರ್?

ಬೈಂಡಿಂಗ್ ಕೆಲಸದವ:
ಬೇಡಮ್ಮ. ಕೀಳುವಾಗ ಪೆಡಸು ಹಾಳೆಯ ಮೇಲ್ಪದರ ಅದರ ಜೊತೆಗೇ ಎದ್ದು ಬರುತ್ತೆ, ಅಂಟೂ ಉಳಿಯುತ್ತೆ. ತೆಳು ಬಿಳಿ ಕಾಗದದ ಪಟ್ಟಿ ಕತ್ತರಿಸಿ, ಪದ್ಯದ ಸಂಖ್ಯೆ ಬರೆದು ಸುಮ್ಮನೆ ಒಳಗಿಡಿ. ತೀರಾ ಹೆಚ್ಚು ತುರುಕಬೇಡಿ, ಹೊಲಿಗೆ ಸಡಿಲಾಗುತ್ತೆ.