ಎಎಸ್/400: ಈ ಫೈಲನ್ನು ಯಾವ್ಯಾವ ಪ್ರೋಗ್ರಾಂ ಬಳಸುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಂಪನಿಯ ಎಎಸ್/400ರಲ್ಲಿ (ಐಬಿಎಂನ ಬಿಸಿನೆಸ್ ಕಂಪ್ಯೂಟರ್) ಕಸ್ಟಮರ್ ಮಾಸ್ಟರ್ ಫೈಲಿಗೆ ಜಿಎಸ್‌ಟಿ ನಂಬರಿಗಾಗಿ 15 ಅಕ್ಷರದ ಫೀಲ್ಡ್ ಸೇರಿಸಬೇಕು. ಯಾವ್ಯಾವ ಪ್ರೋಗ್ರಾಂ ಕೈಕೊಡುತ್ತವೋ ಗೊತ್ತಿಲ್ಲ. ಬರೆದವರೆಲ್ಲ ರಿಟೈರ್ ಆಗಿದ್ದಾರೆ. ಒಂದೊಂದೇ ಸೋರ್ಸ್ ತೆರೆದು ನೋಡಬೇಕಾ?

ಉತ್ತರ: ಬೇಡ ಮೇಡಂ. ಮೊದಲು ಆ ಫೈಲಿನ ಮೇಲೆ ಡಿಎಸ್‌ಪಿಡಿಬಿಆರ್ ಕಮಾಂಡ್ ಕೊಡಿ, ಅದರ ಲಾಜಿಕಲ್ ಫೈಲುಗಳೆಲ್ಲ (ಅದೇ ಡೇಟಾವನ್ನು ಬೇರೆ ರೀತಿ ತೋರಿಸುವ ಫೈಲುಗಳು) ಸಿಗುತ್ತವೆ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಹಳೆಯ ಆರ್‌ಪಿಜಿ ಭಾಷೆಯ ಪ್ರೋಗ್ರಾಂಗಳು ಎಷ್ಟೋ ಸಲ ಲಾಜಿಕಲ್ ಹೆಸರನ್ನೇ ಬರೆದಿರುತ್ತವೆ. ಡೇಟಾ ಇರುವ ಫಿಸಿಕಲ್ ಫೈಲಿನ ಹೆಸರೊಂದನ್ನೇ ಹುಡುಕಿದರೆ ಅವು ಕಣ್ಣಿಗೆ ಬೀಳಲ್ಲ.

ಆಮೇಲೆ ಡಿಎಸ್‌ಪಿಪಿಜಿಎಂಆರ್‌ಇಎಫ್ ಕಮಾಂಡ್, ಯಾವ ಪ್ರೋಗ್ರಾಂ ಯಾವ ಫೈಲ್ ಬಳಸುತ್ತೆ ಅಂತ ಇದು ಹೇಳುತ್ತೆ. ಪ್ರೋಗ್ರಾಂ ಜಾಗದಲ್ಲಿ ನಿಮ್ಮ ಲೈಬ್ರರಿ, ಸ್ಲ್ಯಾಷ್, *ಆಲ್. ಆಬ್ಜೆಕ್ಟ್ ಟೈಪ್ ಕೂಡ *ಆಲ್ ಮಾಡಿ, ಇಲ್ಲದಿದ್ದರೆ ಸರ್ವೀಸ್ ಪ್ರೋಗ್ರಾಂಗಳು (ಬೇರೆ ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ತಪ್ಪಿಹೋಗುತ್ತವೆ. ಔಟ್‌ಪುಟ್ಟನ್ನು ಸ್ಕ್ರೀನಿಗೆ ಬಿಡದೆ ಔಟ್‌ಫೈಲಿಗೆ ಹಾಕಿ. ಕ್ಯೂಟೆಂಪ್ ಅನ್ನೋ ತಾತ್ಕಾಲಿಕ ಲೈಬ್ರರಿಯಲ್ಲಿ ಹಾಕಿದರೆ ಸೈನ್ ಆಫ್ ಆದ ಕೂಡಲೇ ಮಾಯ, ನೆನಪಿರಲಿ.

ಆ ಔಟ್‌ಫೈಲಿನ ಮೇಲೆ ಎಸ್‌ಕ್ಯುಎಲ್ ಓಡಿಸಿ. ಡಬ್ಲ್ಯುಎಚ್‌ಎಫ್‌ಎನ್‌ಎಎಂ ಫೀಲ್ಡಿನಲ್ಲಿ ಫೈಲ್ ಹೆಸರು, ಡಬ್ಲ್ಯುಎಚ್‌ಪಿಎನ್‌ಎಎಂನಲ್ಲಿ ಪ್ರೋಗ್ರಾಂ ಹೆಸರು. ಡಬ್ಲ್ಯುಎಚ್‌ಎಫ್‌ಯುಎಸ್‌ಜಿ ಬಳಕೆ ಹೇಳುತ್ತೆ: 1 ಅಂದ್ರೆ ಓದುವುದು, 2 ಬರೆಯುವುದು, 4 ಅಪ್‌ಡೇಟ್. ಎರಡು ಸೇರಿದ್ದರೆ ಕೂಡಿಸಿದ ಅಂಕಿ ಬರುತ್ತದೆ.

ಪ್ರಶ್ನೆ: ಮಾಡಿದೆ ಸರ್, ಥ್ಯಾಂಕ್ಸ್. ಆದರೆ ಕೆಲವು ಸಾಲಿನಲ್ಲಿ ಫೈಲ್ ಹೆಸರಿನ ಜಾಗದಲ್ಲಿ '&ಫೈಲ್' ಅಂತಿದೆ. ಏನಿದು?

ಉತ್ತರ: ಅದು ಸಿಎಲ್ (ಕಮಾಂಡುಗಳನ್ನು ಜೋಡಿಸಿ ಬರೆಯುವ ಭಾಷೆ) ಪ್ರೋಗ್ರಾಂನ ವೇರಿಯಬಲ್. ಯಾವ ಫೈಲ್ ಅನ್ನೋದು ಓಡುವಾಗಷ್ಟೇ ತೀರ್ಮಾನವಾಗುತ್ತೆ, ಹಾಗಾಗಿ & ಇರುವ ಸಾಲುಗಳನ್ನು ಬೇರೆ ತೆಗೆದು ಆ ಸೋರ್ಸ್‌ಗಳನ್ನು ಕಣ್ಣಾರೆ ನೋಡಲೇಬೇಕು. ಒವಿಆರ್‌ಡಿಬಿಎಫ್ ಕಮಾಂಡ್ ಕೂಡ ಇಂಥದ್ದೇ ತಲೆನೋವು: ಪ್ರೋಗ್ರಾಂನಲ್ಲಿ ಒಂದು ಹೆಸರು, ತೆರೆಯೋದು ಇನ್ನೊಂದು ಫೈಲ್. ಓಡುವಾಗ ಜೋಡಿಸುವ ಎಸ್‌ಕ್ಯುಎಲ್ ವಾಕ್ಯವಂತೂ ಈ ಲಿಸ್ಟಿಗೆ ಬರೋದೇ ಇಲ್ಲ. ಅದಕ್ಕೇ ಎಫ್‌ಎನ್‌ಡಿಎಸ್‌ಟಿಆರ್‌ಪಿಡಿಎಂ ಕಮಾಂಡಿನಿಂದ ಸೋರ್ಸ್ ಫೈಲುಗಳಲ್ಲೂ ಒಮ್ಮೆ ಹೆಸರು ಹುಡುಕಿಸಿ.

ಪ್ರಶ್ನೆ: ಲಿಸ್ಟಿನಲ್ಲಿ ಬಂದದ್ದನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕಾ?

ಉತ್ತರ: ಎಲ್ಲವನ್ನೂ ಅಲ್ಲ. ಲಾಜಿಕಲ್ ಫೈಲಿನಲ್ಲಿ ಫೀಲ್ಡುಗಳನ್ನು ಬಿಡಿಬಿಡಿಯಾಗಿ ಬರೆದಿದ್ದರೆ ಅದರ ಫಾರ್ಮ್ಯಾಟ್ (ಫೀಲ್ಡುಗಳ ಜೋಡಣೆ) ಬದಲಾಗಲ್ಲ. ಅದನ್ನಷ್ಟೇ ಬಳಸುವ ಆರ್‌ಪಿಜಿ ಪ್ರೋಗ್ರಾಂಗಳನ್ನು ಮುಟ್ಟಬೇಡಿ. ಫಿಸಿಕಲ್ ಫಾರ್ಮ್ಯಾಟನ್ನೇ ಬಳಸುವವು ಮಾತ್ರ ಲೆವೆಲ್ ಚೆಕ್‌ನಲ್ಲಿ (ಕಂಪೈಲ್ ಆದಾಗಿನ ಫಾರ್ಮ್ಯಾಟೂ ಈಗಿನದೂ ಒಂದೇನಾ ಅನ್ನೋ ಪರೀಕ್ಷೆ) ಸಿಪಿಎಫ್4131 ಎರರ್ ಕೊಟ್ಟು ನಿಲ್ಲುತ್ತವೆ. ಲೆವೆಲ್ ಚೆಕ್ಕನ್ನೇ *ನೋ ಮಾಡಿ ಅಂತ ಯಾರಾದ್ರೂ ಹೇಳಿದರೆ ಕೇಳಬೇಡಿ. ಆಮೇಲೆ ಡೇಟಾ ಹಾಳಾದರೂ ಗೊತ್ತಾಗಲ್ಲ.